ಗಂಟೆಗಳ ಲೆಕ್ಕದಲ್ಲಿ ಒಂದು ಶೌರ್ಯ: ಮೇಜರ್ ರಾಮ ರಾಘೋಬ ರಾಣೆ ಅವರ ನೆನಪು

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಮಯದ ಅಭಾವದಿಂದ ಅಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನೂ, ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಇಲ್ಲಿ ಸೇರಿಸಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

1994ರ ಜುಲೈ 11ರಂದು ಪುಣೆಯ ಕಮಾಂಡ್ ಆಸ್ಪತ್ರೆಯಲ್ಲಿ 76 ವರ್ಷದ ನಿವೃತ್ತ ಸೇನಾಧಿಕಾರಿಯೊಬ್ಬರು ತೀರಿಕೊಂಡರು. ಅವರು ಮೇಜರ್ ರಾಮ ರಾಘೋಬ ರಾಣೆ. ಪರಮವೀರ ಚಕ್ರವನ್ನು ಇದುವರೆಗೆ ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಬಂದದ್ದು. ಬದುಕಿರುವಾಗಲೇ ಆ ಪದಕವನ್ನು ಎದೆಯ ಮೇಲೆ ಧರಿಸಿದ 7 ಮಂದಿಯಲ್ಲಿ ರಾಣೆ ಒಬ್ಬರು. ಕರ್ನಾಟಕ ಮೂಲದವರಲ್ಲಿ ಈ ಪದಕ ಪಡೆದವರು ಅವರೊಬ್ಬರೇ. ಸೇನೆಯ ಎಂಜಿನಿಯರ್ ದಳದಿಂದಲೂ ಅವರೊಬ್ಬರೇ. ದಾರಿ ಮಾಡುವ, ನೆಲಬಾಂಬ್ ತೆಗೆಯುವ ಎಂಜಿನಿಯರ್ ಸೈನಿಕರನ್ನು ಸ್ಯಾಪರ್ ಎನ್ನುತ್ತಾರೆ; ಆ ದಳದ ಬಾಂಬೆ ಸ್ಯಾಪರ್ಸ್ ಎಂಬ ಶಾಖೆಯ ತವರು ಪುಣೆಯ ನಮ್ಮ ಖಡಕಿ. ಇಷ್ಟು ಹತ್ತಿರದ ಮನುಷ್ಯನ ಬಗ್ಗೆ ನಮ್ಮ ಸಭೆಗಳಲ್ಲಿ ಮಾತು ಬರುವುದು ಕಡಿಮೆ. ಬಂದರೂ ಜನವರಿ 26ರ ಸುತ್ತಮುತ್ತ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ.

ಸೈನಿಕರನ್ನು ನೆನೆಯುವ ಸಭೆಗಳಲ್ಲಿ ನಾವು ವಿಶೇಷಣಗಳನ್ನು ಧಾರಾಳವಾಗಿ ಖರ್ಚು ಮಾಡುತ್ತೇವೆ. ವೀರ, ಧೀರ, ಶೂರ, ಸಿಂಹದ ಎದೆಯವನು ಎಂದು ಹೇಳಿ, ಹಾರ ಹಾಕಿ, ಶಾಲು ಹೊದಿಸಿ ಮನೆಗೆ ಹೋಗುತ್ತೇವೆ. ಅದೇ ಸೈನಿಕ ಯಾವ ಹೊತ್ತಿಗೆ ಎದ್ದ, ಯಾವ ಹತ್ಯಾರು ಹಿಡಿದ, ಯಾವ ಕೆಲಸ ಮುಗಿಸಿ ಯಾವಾಗ ಕೂತ ಎಂಬುದನ್ನು ಕೇಳುವವರಿಲ್ಲ. ರಾಣೆಯವರ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳದೆ ಗತ್ಯಂತರವಿಲ್ಲ, ಏಕೆಂದರೆ ಅವರಿಗೆ ಪದಕ ಬಂದದ್ದು ರಸ್ತೆ ಕೆಲಸಕ್ಕೆ. ಬಂದೂಕು ಹಿಡಿದು ಶತ್ರುವಿನ ಮೋರ್ಚೆಗೆ ನುಗ್ಗಿದ ಕಥೆ ಅವರದಲ್ಲ. ನೆಲಬಾಂಬ್ ತೆಗೆದು, ಅಡ್ಡ ಬಿದ್ದ ಮರಗಳನ್ನು ಸಿಡಿಸಿ, ಮುರಿದ ಮೋರಿಯ ಪಕ್ಕದಲ್ಲಿ ಬದಲಿ ದಾರಿ ಕಡಿದು, 4 ದಿನಗಳ ಕಾಲ ಗುಂಡಿನ ಮಳೆಯಲ್ಲಿ ದುಡಿದವರು ಅವರು. ಅವರನ್ನು ಒಬ್ಬ ಕೆಲಸಗಾರನಾಗಿ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ನೆನೆದರೆ ಅವರ ಎತ್ತರ ಕುಗ್ಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ನಾನು ಸೈನಿಕನಲ್ಲ. ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನಲ್ಲಿ ನಾಗರಿಕ ನೌಕರನಾಗಿ, ಕಟ್ಟಡ ಮತ್ತು ರಸ್ತೆ ಕೆಲಸಗಳ ಅಳತೆ ಪುಸ್ತಕ ಬರೆಯುತ್ತ, ಬಿಲ್ಲುಗಳನ್ನು ತಾಳೆ ನೋಡುತ್ತ ನಿವೃತ್ತನಾದವನು. ರಾಣೆಯವರ ಪ್ರಶಸ್ತಿ ಪತ್ರವನ್ನು ಮೊದಲ ಸಲ ಓದಿದಾಗ ನನ್ನ ಕಣ್ಣಿಗೆ ಅದು ಅಳತೆ ಪುಸ್ತಕದಂತೆಯೇ ಕಂಡಿತು: ಇಂಥ ದಿನ, ಇಂಥ ಗಂಟೆಗೆ ಆರಂಭ, ಇಷ್ಟು ಗಜ ಮುಂದೆ ಇಂಥ ಅಡಚಣೆ, ಇಷ್ಟು ಗಂಟೆಗೆ ತೆರವು. ಅದರಲ್ಲಿ ವಿಶೇಷಣಗಳು ಇಲ್ಲವೆಂದಲ್ಲ, ಆದರೆ ಅವುಗಳನ್ನು ತೆಗೆದುಹಾಕಿದರೂ ಪತ್ರ ನಿಲ್ಲುತ್ತದೆ. ಇಂದಿನ ಮಾತಿಗೆ ಆ ಪತ್ರವೇ ಆಧಾರ.

ಮೊದಲು ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ರಾಣೆ ಹುಟ್ಟಿದ್ದು 1918ರ ಜೂನ್ 26ರಂದು. ಮನೆತನ ಕಾರವಾರದ ಬಳಿಯ ಚೆಂಡಿಯಾ ಊರಿನದು. ಇಂದು ಕದಂಬ ನೌಕಾನೆಲೆ ಹರಡಿಕೊಂಡಿರುವ ಕರಾವಳಿಯ ಆಸುಪಾಸು. ಮನೆಮಾತು ಕೊಂಕಣಿ. ತಂದೆ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದುದರಿಂದ ವರ್ಗಾವಣೆಯ ಮೇಲೆ ವರ್ಗಾವಣೆ, ಹುಡುಗನಿಗೆ ಶಾಲೆಯ ಮೇಲೆ ಶಾಲೆ. 1930ರಲ್ಲಿ, ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ, 12ರ ಹುಡುಗ ಸ್ವಾತಂತ್ರ್ಯ ಚಳವಳಿಯ ಸೆಳೆತಕ್ಕೆ ಸಿಕ್ಕ. ಸರ್ಕಾರದ ಅನ್ನ ತಿನ್ನುವ ಕಾನ್‌ಸ್ಟೆಬಲ್ ತಂದೆಗೆ ದಿಗಿಲಾಗಿ ಮನೆಮಂದಿಯನ್ನೆಲ್ಲ ಚೆಂಡಿಯಾಕ್ಕೆ ಕರೆತಂದರು. ಹತ್ತು ವರ್ಷಗಳ ನಂತರ, 1940ರ ಜುಲೈ 10ರಂದು, ಅದೇ ಹುಡುಗ ಬ್ರಿಟಿಷ್ ಭಾರತದ ಸೇನೆಗೆ ಸಿಪಾಯಿಯಾಗಿ ಸೇರಿದ. ಇದರಲ್ಲಿ ವಿರೋಧಾಭಾಸ ಹುಡುಕುವವರಿದ್ದಾರೆ. ಆ ಕಾಲದ ಎಷ್ಟೋ ಮನೆಗಳಲ್ಲಿ ಖಾದಿಯೂ ಖಾಕಿಯೂ ಒಂದೇ ಹಗ್ಗದ ಮೇಲೆ ಒಣಗುತ್ತಿದ್ದವು ಎಂಬುದನ್ನು ನೆನಪಿಸಿ ಮುಂದೆ ಹೋಗುತ್ತೇನೆ.

ಸೇರಿದ್ದು ಬಾಂಬೆ ಎಂಜಿನಿಯರ್ಸ್‌ಗೆ, ಎಂದರೆ ಬಾಂಬೆ ಸ್ಯಾಪರ್ಸ್‌ಗೆ. ತರಬೇತಿಯಲ್ಲಿ ಅತ್ಯುತ್ತಮ ರಿಕ್ರೂಟ್ ಎನಿಸಿಕೊಂಡು ಕಮಾಂಡೆಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು. ಅಲ್ಲಿಂದ ಬರ್ಮಾ ರಂಗಕ್ಕೆ, 26ನೆಯ ಪದಾತಿ ಡಿವಿಜನ್ನಿನ ಒಂದು ಫೀಲ್ಡ್ ಕಂಪನಿಗೆ. ಜಪಾನೀಯರ ಒತ್ತಡಕ್ಕೆ ಡಿವಿಜನ್ ಹಿಂದೆ ಸರಿಯುವಾಗ ಬುತಿದಾಂಗ್ ಎಂಬಲ್ಲಿದ್ದ ಮದ್ದುಗುಂಡಿನ ದಾಸ್ತಾನನ್ನು ನಾಶಮಾಡಲು ಎರಡು ತುಕಡಿಗಳನ್ನು ಹಿಂದೆ ಬಿಟ್ಟರು, ಅದರ ಹೊಣೆ ರಾಣೆಯವರದು. ಕೆಲಸ ಮುಗಿದ ಮೇಲೆ ನೌಕಾದಳದ ಹಡಗು ಬಂದು ಕರೆದೊಯ್ಯಬೇಕಿತ್ತು, ಅದು ಆಗಲಿಲ್ಲ. ಜಪಾನಿ ಗಸ್ತು ತಿರುಗುತ್ತಿದ್ದ ನದಿಯನ್ನು ತಮ್ಮ ಪಾಡಿಗೆ ತಾವೇ ದಾಟಿ, ತಮ್ಮವರನ್ನು ಕರೆದುಕೊಂಡು ಡಿವಿಜನ್ನನ್ನು ಸೇರಿಕೊಂಡರು. ಅದಕ್ಕೆ ಹವಾಲ್ದಾರ್ ಬಡ್ತಿ ಸಿಕ್ಕಿತು. ಮುಂದೆ ಜಮಾದಾರ್ ಆದರು. ಸ್ವಾತಂತ್ರ್ಯ ಬಂದ ನಾಲ್ಕೇ ತಿಂಗಳಿಗೆ, 1947ರ ಡಿಸೆಂಬರ್ 15ರಂದು, ಸೆಕೆಂಡ್ ಲೆಫ್ಟಿನೆಂಟ್ ಆಗಿ ಅಧಿಕಾರಿ ವರ್ಗಕ್ಕೆ ಬಂದರು.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಸೆಕೆಂಡ್ ಲೆಫ್ಟಿನೆಂಟ್ ಎಂದರೆ ನಮ್ಮ ಕಣ್ಣಿಗೆ ಬರುವುದು ಅಕಾಡೆಮಿಯಿಂದ ಆಗಷ್ಟೇ ಹೊರಬಿದ್ದ ಇಪ್ಪತ್ತು ಇಪ್ಪತ್ತೊಂದರ ಯುವಕ. 1948ರ ಏಪ್ರಿಲ್‌ನಲ್ಲಿ ರಾಣೆಯವರಿಗೆ 29 ತುಂಬಿ 30ರ ಅಂಚು. ಭುಜದ ಮೇಲಿನ ನಕ್ಷತ್ರಕ್ಕೆ ನಾಲ್ಕು ತಿಂಗಳೂ ತುಂಬಿರಲಿಲ್ಲ, ಕೈಗಳಿಗೆ ಮಾತ್ರ ಏಳು ವರ್ಷಕ್ಕೂ ಮೀರಿದ ಸ್ಯಾಪರ್ ಅನುಭವ ಇತ್ತು. ಮುಂದೆ ನಡೆದ ಸಂಗತಿಯಲ್ಲಿ ಅಧಿಕಾರಿಯ ಹುಮ್ಮಸ್ಸಿಗಿಂತ ಹವಾಲ್ದಾರನ ಕೈಚಳಕವೇ ಹೆಚ್ಚು ಕೆಲಸ ಮಾಡಿತು ಎಂದು ನಾನು ನಂಬುತ್ತೇನೆ.

ಈಗ ಜಮ್ಮು ಪ್ರದೇಶ, ಪಾಕಿಸ್ತಾನದೊಡನೆ ಕಾಶ್ಮೀರಕ್ಕಾಗಿ ನಡೆದ ಮೊದಲ ಯುದ್ಧದ ಕಾಲ. ರಜೌರಿ ಪಟ್ಟಣ 1947ರ ನವೆಂಬರ್‌ನಲ್ಲಿ ದಾಳಿಕೋರರ ಕೈಗೆ ಬಿದ್ದಿತ್ತು, ಬಿದ್ದಾಗ ಭೀಕರ ಹತ್ಯಾಕಾಂಡ ನಡೆದಿತ್ತು. ಅದರ ದಕ್ಷಿಣದಲ್ಲಿದ್ದ ನೌಶೇರಾವನ್ನು 1948ರ ಫೆಬ್ರವರಿಯಲ್ಲಿ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನರ ಪಡೆ ಉಳಿಸಿಕೊಂಡಿತು. ಮಾರ್ಚ್ 18ರಂದು ಹತ್ತಿರದ ಝಂಗರ್ ಎಂಬ ಊರು ಮತ್ತೆ ನಮ್ಮ ಸೇನೆಯ ವಶವಾಯಿತು. ಇಡೀ ಪಶ್ಚಿಮ ರಂಗದ ಹೊಣೆ ಆಗ ನಮ್ಮ ಕೊಡಗಿನ ಕಾರ್ಯಪ್ಪನವರ ಮೇಲಿತ್ತು. ಮುಂದಿನ ಗುರಿ ರಜೌರಿ. ಪಟ್ಟಣದೊಳಗೆ ಸಿಕ್ಕಿಕೊಂಡಿದ್ದ ಜನರ ದೃಷ್ಟಿಯಿಂದ ಒಂದೊಂದು ದಿನವೂ ಬೆಲೆಯುಳ್ಳದ್ದು. ನೌಶೇರಾದಿಂದ ರಜೌರಿಗೆ ಹೋಗುವ ಗುಡ್ಡಗಾಡಿನ ರಸ್ತೆ ಹಳೆಯ ಮೊಘಲ್ ಹಾದಿಯ ಭಾಗ. ಚಿಂಗಸ್ ಎಂಬಲ್ಲಿ ಮೊಘಲರ ಕಾಲದ ಸರಾಯಿ ಈಗಲೂ ಇದೆ. ಆ ರಸ್ತೆಯನ್ನು ಶತ್ರುಗಳು ಹೆಜ್ಜೆಹೆಜ್ಜೆಗೂ ಕೆಡಿಸಿಟ್ಟಿದ್ದರು. ಟ್ಯಾಂಕುಗಳು ಹೋಗದೆ ಪದಾತಿ ಪಡೆ ಹೋಗುವಂತಿಲ್ಲ, ದಾರಿ ಆಗದೆ ಟ್ಯಾಂಕುಗಳು ಹೋಗುವಂತಿಲ್ಲ. 4ನೆಯ ಡೋಗ್ರಾ ಪಲ್ಟನ್ನಿನ ಜೊತೆಗೆ, 37ನೆಯ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿಯ ಮುಖ್ಯಸ್ಥರಾಗಿ, ರಾಣೆ ಅಲ್ಲಿಗೆ ಬಂದದ್ದು ಈ ಕಾರಣಕ್ಕೆ.

ಏಪ್ರಿಲ್ 8. ಬೆಳಗಿನ 11 ಗಂಟೆ. ರಸ್ತೆಯ 26ನೆಯ ಮೈಲಿಯ ಹತ್ತಿರ, ದಕ್ಷಿಣ ನಾಡ್ಪುರದ ಬಳಿ, ರಾಣೆ ಮತ್ತು ಅವರ ತಂಡ ಟ್ಯಾಂಕುಗಳ ಪಕ್ಕದಲ್ಲಿ ಕೆಲಸ ಆರಂಭಿಸಲು ಕಾಯುತ್ತಿದ್ದಾಗ ಮಾರ್ಟರ್ ಗುಂಡುಗಳು ಬೀಳತೊಡಗಿದವು. ತಂಡದ ಇಬ್ಬರು ಅಲ್ಲಿಯೇ ಸತ್ತರು, ರಾಣೆಯವರೂ ಸೇರಿ ಐವರಿಗೆ ಗಾಯವಾಯಿತು. ಉಳಿದವರನ್ನು ಒಟ್ಟುಗೂಡಿಸಿಕೊಂಡು ಅವರು ಕೆಲಸಕ್ಕೆ ಇಳಿದರು. ಸಂಜೆ ನಾಲ್ಕೂವರೆಗೆ ಬರ್ವಾಲಿ ಗುಡ್ಡಸಾಲು ಡೋಗ್ರಾಗಳ ವಶವಾಯಿತು. ಮುಂದಿನ ಪ್ರದೇಶದಲ್ಲಿ ಶತ್ರು ಇನ್ನೂ ಪೂರ್ತಿ ಖಾಲಿಯಾಗಿಲ್ಲ ಎಂದು ಗೊತ್ತಿದ್ದೂ ರಾಣೆ ತಂಡವನ್ನು ಮುಂದೆ ಕರೆದೊಯ್ದು, ಟ್ಯಾಂಕುಗಳಿಗಾಗಿ ಬದಲಿ ದಾರಿ ಕಡಿಯಲು ಹಚ್ಚಿ, ಮೆಷಿನ್ ಗನ್ನಿನ ಗುರಿಯಲ್ಲಿಯೇ ರಾತ್ರಿ 10ರ ವರೆಗೆ ದುಡಿದರು.

ಏಪ್ರಿಲ್ 9. ಬೆಳಿಗ್ಗೆ 6ಕ್ಕೆ ಮತ್ತೆ ಆರಂಭ. ಮಧ್ಯಾಹ್ನ 3ಕ್ಕೆ ಬದಲಿ ದಾರಿ ಸಿದ್ಧ. ಟ್ಯಾಂಕುಗಳ ಸಾಲು ಹೊರಟಾಗ ರಾಣೆ ಎಲ್ಲಕ್ಕಿಂತ ಮುಂದಿನ ಕ್ಯಾರಿಯರ್ ಎಂಬ ಸಣ್ಣ ಕವಚದ ವಾಹನದಲ್ಲಿ ಕೂತರು. ಅರ್ಧ ಮೈಲಿ ಹೋಗುವುದರೊಳಗೆ ರಸ್ತೆಗೆ ಅಡ್ಡವಾಗಿ ಕೆಡವಿದ ಪೈನ್ ಮರಗಳು, ಇಳಿದು ಸಿಡಿಸಿದರು. ಇನ್ನೂ 300 ಗಜ ಹೋದರೆ ಮತ್ತೆ ಅದೇ. ಅಷ್ಟರಲ್ಲಿ ಸಂಜೆ 5. ರಸ್ತೆ ಗುಡ್ಡವನ್ನು ಹಾವಿನಂತೆ ಸುತ್ತುವ ಜಾಗದಲ್ಲಿ ಒಂದು ಮೋರಿಯನ್ನು ಒಡೆದುಹಾಕಿದ್ದರು. ಕೆಲಸಕ್ಕೆ ಕೈ ಹಚ್ಚುವ ಮೊದಲೇ ಗುಂಡು ಹಾರತೊಡಗಿತು. ಆದರೂ ಬದಲಿ ದಾರಿ ಆಯಿತು, ಸಾಲು ಮುಂದೆ ಸಾಗಿತು. ಆರೂಕಾಲಿಗೆ, ಬೆಳಕು ಮಾಸುವ ಹೊತ್ತಿಗೆ, ದೊಡ್ಡ ಅಡ್ಡಿ ಎದುರಾಯಿತು: 5 ಭಾರಿ ಪೈನ್ ಮರಗಳು, ಸುತ್ತ ನೆಲಬಾಂಬ್‌ಗಳು, ಮೇಲಿನಿಂದ ಮೆಷಿನ್ ಗನ್ನಿನ ಕಾವಲು. ರಾಣೆ ಬಾಂಬ್‌ಗಳನ್ನು ತೆಗೆಯಲು ಶುರು ಮಾಡಿಯೇಬಿಟ್ಟಿದ್ದರು. ಟ್ಯಾಂಕುಗಳ ಸಾಲಿನ ಕಮಾಂಡರ್ ಪರಿಸ್ಥಿತಿ ನೋಡಿ ಎಲ್ಲರನ್ನೂ ಆ ರಾತ್ರಿಯ ಮಟ್ಟಿಗೆ ಸುರಕ್ಷಿತ ಜಾಗಕ್ಕೆ ಹಿಂದೆಗೆದುಕೊಂಡರು. ಈ ಕಮಾಂಡರರ ವಿವೇಕವನ್ನು ಯಾರೂ ಹೊಗಳುವುದಿಲ್ಲ. ಅವರು ಅಂದು ಹಾಗೆ ಮಾಡದಿದ್ದರೆ ಮರುದಿನದ ಕೆಲಸಕ್ಕೆ ರಾಣೆ ಉಳಿಯುತ್ತಿದ್ದರೋ ಇಲ್ಲವೋ.

ಏಪ್ರಿಲ್ 10. ನಸುಕಿನ 4 ಗಂಟೆ 45 ನಿಮಿಷಕ್ಕೆ ಅದೇ ಐದು ಮರಗಳ ಮುಂದೆ. ಬೆಂಬಲಕ್ಕೆ ಕೆಲವೇ ಟ್ಯಾಂಕುಗಳು. ಆರೂವರೆಗೆ ಅಡ್ಡಿ ತೆರವು. ಅದರಾಚೆಯ ಸಾವಿರ ಗಜ ಪೂರ್ತಿ ತಡೆಗಳು, ಸಿಡಿಸಿ ಕುಸಿಸಿದ ಏರಿಗಳು. ಗಾಯಗೊಂಡ ಮೈಯಲ್ಲಿಯೇ ಹತ್ತೂವರೆಯ ಹೊತ್ತಿಗೆ ಅದನ್ನೂ ತೆರವು ಮಾಡಿದರು. ಟ್ಯಾಂಕುಗಳು ರಸ್ತೆ ಬಿಟ್ಟು ತವಿ ನದಿಯ ಪಾತ್ರಕ್ಕೆ ಇಳಿದು, ಮಧ್ಯಾಹ್ನ 2ಕ್ಕೆ ಚಿಂಗಸ್ ಮುಟ್ಟಿದವು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕೆಂದು ನಿಮ್ಮನ್ನು ಕೋರುತ್ತೇನೆ. ಟ್ಯಾಂಕುಗಳು ಮುಂದೆ ಹೋದವು, ಕಥೆಯ ರೋಚಕ ಭಾಗ ಅಲ್ಲಿಗೆ ಮುಗಿಯಿತು. ಕಥೆ ಹೇಳುವವರು ಸಾಮಾನ್ಯವಾಗಿ ನಿಲ್ಲಿಸುವುದೂ ಇಲ್ಲಿಯೇ. ರಾಣೆ ನಿಲ್ಲಿಸಲಿಲ್ಲ. ಟ್ಯಾಂಕು ನದಿಯ ಪಾತ್ರದಲ್ಲಿ ಹೋದೀತು; ಅದರ ಹಿಂದೆ ಬರುವ ಲಾರಿಗಳು, ಎಂದರೆ ಅಕ್ಕಿ, ಹಿಟ್ಟು, ಪೆಟ್ರೋಲು, ಮದ್ದುಗುಂಡು, ಔಷಧ ಹೊತ್ತ ವಾಹನಗಳು ಹಾಗೆ ಹೋಗಲಾರವು. ಅವಕ್ಕೆ ರಸ್ತೆಯೇ ಬೇಕು. ಆದ್ದರಿಂದ ಅನ್ನವಿಲ್ಲದೆ, ವಿಶ್ರಾಂತಿಯಿಲ್ಲದೆ ರಾತ್ರಿ 9ರ ವರೆಗೆ ಅವರು ಆ ರಸ್ತೆಯನ್ನು ತೆರವು ಮಾಡುತ್ತಲೇ ಇದ್ದರು. ಏಪ್ರಿಲ್ 11ರಂದು ಬೆಳಿಗ್ಗೆ 6ಕ್ಕೆ ಮತ್ತೆ ಎದ್ದು, 11 ಗಂಟೆಗೆ ಚಿಂಗಸ್‌ವರೆಗಿನ ರಸ್ತೆಯನ್ನು ವಾಹನಗಳಿಗೆ ತೆರೆದರು. ಅದರ ಮುಂದಿನ ರಸ್ತೆಗಾಗಿ ಆ ರಾತ್ರಿ 10ರ ವರೆಗೂ ದುಡಿದರು. ಪತ್ರದಲ್ಲಿರುವ ವೇಳೆಗಳನ್ನು ಕೂಡಿ ನೋಡಿದರೆ ನಾಲ್ಕು ದಿನಕ್ಕೆ ಸುಮಾರು 55 ಗಂಟೆಗಳ ಕೆಲಸ. ಏಪ್ರಿಲ್ 12ರಂದು ಸೇನೆ ರಜೌರಿ ಮುಟ್ಟಿತು. ಆ ಊರಿನವರು ಈಗಲೂ ಏಪ್ರಿಲ್ 13ನ್ನು ರಜೌರಿ ದಿನವೆಂದು ಆಚರಿಸುತ್ತಾರೆ.

ಸೇನೆಯ ವಲಯದಲ್ಲಿ ಈ ಪ್ರಸಂಗದ ಬಗ್ಗೆ ಇನ್ನೊಂದು ಸಂಗತಿಯನ್ನು ಹೇಳುತ್ತ ಬಂದಿದ್ದಾರೆ. ರಾಣೆ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಎರಡು ಹಗ್ಗಗಳ ಮೂಲಕ ಚಾಲಕನಿಗೆ ನಿಲ್ಲು, ನಡೆ ಎಂಬ ಸನ್ನೆ ಕೊಡುತ್ತ ಹೋದರಂತೆ. ಪ್ರಶಸ್ತಿ ಪತ್ರದಲ್ಲಿ ಇದಿಲ್ಲ. ಚಿತ್ರ ಬರೆಯುವವರಿಗೂ ಶಾಲಾ ಮಕ್ಕಳಿಗೂ ಇದು ಇಷ್ಟವಾಗುತ್ತದೆ. ನನಗೆ ಮಾತ್ರ ಲಾರಿಗಳಿಗಾಗಿ ರಾತ್ರಿ 9ರ ವರೆಗೆ ದುಡಿದ ಸಂಗತಿಯೇ ಹೆಚ್ಚಿನದಾಗಿ ಕಾಣುತ್ತದೆ.

ನೆಲಬಾಂಬ್ ತೆಗೆಯುವುದು ಎಂದು ಬಾಯಲ್ಲಿ ಹೇಳಿಬಿಡುತ್ತೇವೆ. ಅದು ಎಂಥ ಕೆಲಸ ಎಂಬುದು ನನಗೆ ಸ್ವಲ್ಪವಾದರೂ ತಿಳಿದದ್ದು ನಮ್ಮ ಓಣಿಯಲ್ಲಿದ್ದ ಬೈಲಹೊಂಗಲ ಕಡೆಯ ಒಬ್ಬ ನಿವೃತ್ತ ಸುಬೇದಾರರಿಂದ. ಖಡಕಿಯ ಬಿಇಜಿಯಲ್ಲಿ, ಎಂದರೆ ಬಾಂಬೆ ಸ್ಯಾಪರ್ಸ್‌ನ ಕೇಂದ್ರದಲ್ಲಿ ಕಲಿತು, ಆಮೇಲೆ ಅಲ್ಲಿಯೇ ಹೊಸಬರಿಗೆ ಕಲಿಸಿದವರು. ರಾಣೆಯವರಿಗಿಂತ ಒಂದು ತಲೆಮಾರು ಕಿರಿಯರು. ನಾವೆಲ್ಲ ಸುಬೇದಾರ ಕಾಕಾ ಎಂದು ಕರೆಯುತ್ತಿದ್ದೆವು. ಒಮ್ಮೆ ನನ್ನ ಕುತೂಹಲಕ್ಕೆ ಬೇಸತ್ತು, ಮನೆಯ ಮುಂದಿನ ಹೂವಿನ ಪಾತಿಯಲ್ಲಿ ಒಂದು ಸ್ಟೀಲ್ ಡಬ್ಬಿಯನ್ನು ಹುಗಿದು ಮಣ್ಣು ಸರಿಮಾಡಿ, ಉದ್ದನೆಯ ಸ್ಕ್ರೂಡ್ರೈವರೊಂದನ್ನು ನನ್ನ ಕೈಗೆ ಕೊಟ್ಟು, ಹೊಟ್ಟೆಯ ಮೇಲೆ ಮಲಗಿ ಹುಡುಕಲು ಹೇಳಿದರು.

ನಾನು ಮಣ್ಣಿಗೆ ನೆಟ್ಟಗೆ ಚುಚ್ಚಿದೆ. ಕಾಕಾ ನನ್ನ ಮಣಿಕಟ್ಟು ಹಿಡಿದರು. “ನೆಟ್ಟಗ ಬ್ಯಾಡ್ರಿ ಸಾಹೇಬ್ರ, ಓರೆ ಹಿಡೀರಿ. ನೆಟ್ಟಗ ಹೋದ್ರ ಅದರ ತಲಿಮ್ಯಾಲೆ ಬೀಳ್ತದ. ಓರೆ ಹೋದ್ರ ಬಗಲಿಗೆ ತಾಗ್ತದ.” ಬಾಂಬಿನ ಮೇಲ್ಭಾಗದ ಮೇಲೆ ಒತ್ತಡ ಬಿದ್ದರೆ ಸಿಡಿಯುತ್ತದೆ, ಬದಿಗೆ ತಾಗಿದರೆ ಸಿಡಿಯದು; ಆದ್ದರಿಂದ ಸಂಗೀನಿನ ಮೊನೆಯನ್ನು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ, ನಿಧಾನಕ್ಕೆ, ಒಂದೊಂದು ಅಂಗೈ ಜಾಗ ಬಿಡದಂತೆ ತೂರಿಸುತ್ತ ಹೋಗಬೇಕು. ಡಬ್ಬಿ ಸಿಕ್ಕಿದಾಗ ನಾನು ಎತ್ತಲು ಕೈ ಹಾಕಿದೆ. “ಸಿಕ್ತು ಅಂತ ಎತ್ತಬ್ಯಾಡ್ರಿ. ಮೊದಲ ತಳಾ ನೋಡ್ರಿ,” ಎಂದರು. ಎತ್ತಿದವನನ್ನೇ ಕೊಲ್ಲಲೆಂದು ಬಾಂಬಿನ ಅಡಿಗೆ ಇನ್ನೊಂದು ಸ್ಫೋಟಕವನ್ನು ಹೂಡಿಡುವುದು ಯುದ್ಧದಲ್ಲಿ ಸಾಮಾನ್ಯ. ಅದಕ್ಕಾಗಿ ಬೆರಳುಗಳಿಂದ ಸುತ್ತಲಿನ ಮಣ್ಣು ಬಿಡಿಸಿ, ಅಡಿಯಲ್ಲಿ ತಡವಿ, ಅನುಮಾನವಿದ್ದರೆ ಕೊಕ್ಕೆಗೆ ಹಗ್ಗ ಕಟ್ಟಿ, ದೂರದ ಮರೆಗೆ ಹೋಗಿ ಎಳೆಯಬೇಕು. ಆ ಒಂದು ಡಬ್ಬಿಯನ್ನು ಅವರು ಒಪ್ಪುವ ರೀತಿಯಲ್ಲಿ ತೆಗೆಯುವುದರೊಳಗೆ ನನ್ನ ಮೊಣಕೈ ತರಚಿ, ಬೆವರು ಕಣ್ಣಿಗಿಳಿದಿತ್ತು. ಮೇಲೆ ಪಾರಿಜಾತದ ನೆರಳಿತ್ತು, ಮೆಷಿನ್ ಗನ್ ಇರಲಿಲ್ಲ.

ರಾಣೆ ಈ ಕೆಲಸವನ್ನು ಗಾಯದೊಂದಿಗೆ, ಕತ್ತಲಲ್ಲಿ, ಎದುರಿನ ಗುಡ್ಡದಿಂದ ಗುಂಡು ಬರುತ್ತಿರುವಾಗ ಮಾಡಿದರು. ಆತುರ ಮಾಡಿದರೆ ಬಾಂಬು ಕೊಲ್ಲುತ್ತದೆ, ತಡಮಾಡಿದರೆ ಗುಂಡು ಕೊಲ್ಲುತ್ತದೆ. ಆವೇಶದಿಂದ ಇಂಥ ಕೆಲಸ ಆಗುವುದಿಲ್ಲ. ರೋಷ ಉಕ್ಕಿದ ಕೈ ನಡುಗುತ್ತದೆ. ನಮ್ಮ ಭಾಷಣಗಳಲ್ಲಿ ಶೌರ್ಯವನ್ನು ಯಾವಾಗಲೂ ಬಿಸಿರಕ್ತದ ಜೊತೆಗೆ ಹೇಳುವುದು ರೂಢಿ. ಸ್ಯಾಪರ್‌ನ ಶೌರ್ಯಕ್ಕೆ ಆ ರೂಢಿ ಹೊಂದುವುದಿಲ್ಲ.

ಇದೇ ಬಾಂಬೆ ಸ್ಯಾಪರ್ಸ್‌ನಲ್ಲಿ ರಾಣೆಯವರಿಗೆ ಒಬ್ಬ ಪೂರ್ವಸೂರಿ ಇದ್ದರು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಪ್ರೇಮಿಂದ್ರ ಸಿಂಗ್ ಭಗತ್ ಅವರು ಹುಟ್ಟಿದ್ದೂ 1918ರಲ್ಲಿಯೇ. 1941ರ ಆರಂಭದಲ್ಲಿ ಅಬಿಸೀನಿಯದಲ್ಲಿ (ಇಂದಿನ ಇಥಿಯೋಪಿಯ), ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದಾಗ, 4 ದಿನಗಳಲ್ಲಿ 55 ಮೈಲಿ ಉದ್ದಕ್ಕೂ 15 ಬಾಂಬ್ ಪಾತಿಗಳನ್ನು ಪತ್ತೆಹಚ್ಚಿ ತೆರವು ಮಾಡಿಸಿದರು. ಎರಡು ಸಲ ಅವರು ಕೂತಿದ್ದ ಕ್ಯಾರಿಯರ್ ಸಿಡಿಯಿತು, ಒಂದು ಕಿವಿಯ ತಮಟೆ ಹರಿಯಿತು, ಬದಲಿ ಅಧಿಕಾರಿಯನ್ನು ಕಳಿಸುತ್ತೇವೆಂದರೂ ಒಪ್ಪಲಿಲ್ಲ. ಅವರಿಗೆ ಬ್ರಿಟಿಷ್ ಸಾಮ್ರಾಜ್ಯದ ವಿಕ್ಟೋರಿಯಾ ಕ್ರಾಸ್ ಬಂತು. ಏಳು ವರ್ಷಗಳ ಅಂತರದಲ್ಲಿ ಒಂದೇ ದಳದ, ಒಂದೇ ವಯಸ್ಸಿನ, ಒಂದೇ ದರ್ಜೆಯ ಇಬ್ಬರು, ನಾಲ್ಕು ನಾಲ್ಕು ದಿನಗಳ ಒಂದೇ ಬಗೆಯ ಕೆಲಸಕ್ಕೆ ಎರಡು ಆಳ್ವಿಕೆಗಳ ಅತ್ಯುನ್ನತ ಪದಕಗಳನ್ನು ಪಡೆದರು. ಇದನ್ನು ಆಕಸ್ಮಿಕ ಎಂದು ಬಿಟ್ಟುಬಿಡುವುದು ಸರಿಯಲ್ಲ. ಖಡಕಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ, ಕಾಕಾ ನನ್ನ ಮಣಿಕಟ್ಟು ಹಿಡಿದಂತೆ, ಕೈ ಹಿಡಿದು ಕಲಿಸುತ್ತ ಬಂದ ವಿದ್ಯೆಯೊಂದು ಇದರ ಹಿಂದಿದೆ.

ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ಕಾಶ್ಮೀರದ ಮೊದಲ ಯುದ್ಧಕ್ಕಾಗಿ 5 ಮಂದಿಗೆ ಅದು ಸಂದಿತು. ಮೇಜರ್ ಸೋಮನಾಥ ಶರ್ಮಾ, ನಾಯಕ್ ಜದುನಾಥ ಸಿಂಗ್, ಪೀರು ಸಿಂಗ್ ರಣರಂಗದಲ್ಲಿಯೇ ಮಡಿದವರು. ಬದುಕಿ ಪಡೆದವರು ಲಾನ್ಸ್ ನಾಯಕ್ ಕರಮ್ ಸಿಂಗ್ ಮತ್ತು ರಾಣೆ. ಸೇವೆಯ ಅವಧಿಯಲ್ಲಿ ರಾಣೆಯವರ ಹೆಸರು ಯುದ್ಧ ವರದಿಗಳಲ್ಲಿ 5 ಬಾರಿ ಪ್ರಶಂಸೆಯೊಡನೆ ದಾಖಲಾಯಿತು. ಮೇಜರ್ ದರ್ಜೆಯಲ್ಲಿ ನಿವೃತ್ತರಾದರು.

ರಜೌರಿಯ ರಸ್ತೆಯಿಂದ ಪುಣೆಯ ಆಸ್ಪತ್ರೆಯ ಹಾಸಿಗೆಯವರೆಗೆ 46 ವರ್ಷ. ಪುಸ್ತಕಗಳು ನಾಲ್ಕು ದಿನಕ್ಕೆ ನಾಲ್ಕು ಪುಟ ಕೊಟ್ಟು, ಈ 46 ವರ್ಷಗಳಿಗೆ ನಾಲ್ಕು ಸಾಲು ಕೊಡುತ್ತವೆ. ಸತ್ತ ವೀರನ ಕಥೆಯನ್ನು ಹೇಳುವುದು ಸುಲಭ, ಅದಕ್ಕೆ ತಾನಾಗಿಯೇ ಒಂದು ಮುಕ್ತಾಯವಿರುತ್ತದೆ. ಉಳಿದು ಬಂದವನು ಮಾರನೆಯ ದಿನ ಗಡ್ಡ ಹೆರೆದುಕೊಳ್ಳಬೇಕು, ಮದುವೆಯಾಗಬೇಕು, ಮಕ್ಕಳ ಶಾಲೆಯ ಫೀಜು ಕಟ್ಟಬೇಕು, ಪಿಂಚಣಿಯ ಕಾಗದಕ್ಕೆ ಸಹಿ ಹಾಕಬೇಕು. ಪುಣೆಯಲ್ಲಿ ವಾಸಿಸುವ ನಮಗೆ ಇದು ಕಣ್ಣಿನ ಮುಂದಿನ ಸಂಗತಿ. ವಾನವಡಿ, ಘೋರಪಡಿ, ದಿಘಿ, ವಿಶ್ರಾಂತವಾಡಿಯ ಓಣಿಗಳಲ್ಲಿ ನಿವೃತ್ತ ಸೈನಿಕರಿಲ್ಲದ ಸೊಸೈಟಿ ಅಪರೂಪ. ಪ್ರತಿ ವರ್ಷ ನವೆಂಬರ್‌ನಲ್ಲಿ ಬ್ಯಾಂಕಿನ ಸಾಲಿನಲ್ಲಿ ತಾನು ಇನ್ನೂ ಬದುಕಿದ್ದೇನೆ ಎಂಬ ಪ್ರಮಾಣ ಪತ್ರ ಕೊಡಲು ನಿಂತಿರುವ ಮುದುಕರಲ್ಲಿ ಯಾರು ಯಾವ ಗುಡ್ಡ ಹತ್ತಿ ಇಳಿದವರೆಂದು ಕೌಂಟರಿನ ಗುಮಾಸ್ತನಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಮ್ಮ ಸುಬೇದಾರ ಕಾಕಾ ಕೂಡ ಕ್ಯಾಂಟೀನ್ ಕಾರ್ಡು, ಕಿವಿಯ ಯಂತ್ರದ ಬ್ಯಾಟರಿ, ಮೊಮ್ಮಗನ ಟ್ಯೂಷನ್ನಿನ ಚಿಂತೆಯಲ್ಲಿಯೇ ಮುಪ್ಪನ್ನು ಕಳೆದವರು. ಅವರ ಕಿವಿ ಮಂದವಾದದ್ದು ತರಬೇತಿ ಮೈದಾನದ ಸ್ಫೋಟಗಳಿಂದ ಎಂಬುದನ್ನು ಅವರ ಮನೆಯವರೂ ಬಹಳ ತಡವಾಗಿ ತಿಳಿದುಕೊಂಡರು.

ರಾಣೆಯವರಿಗೆ ಸಂದ ಗೌರವಗಳಲ್ಲಿ ಕೆಲವನ್ನು ಹೇಳುತ್ತೇನೆ. ಕಾರವಾರದ ಕಡಲತೀರದಲ್ಲಿ, ಯುದ್ಧನೌಕೆಯ ಸಂಗ್ರಹಾಲಯದ ಬಳಿ ಅವರ ಪ್ರತಿಮೆ ಇದೆ. ಮುಂಬೈಯಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ನೌಕಾಯಾನ ನಿಗಮ ತನ್ನ ಕಚ್ಚಾ ತೈಲದ ಹಡಗುಗಳಿಗೆ ಪರಮವೀರರ ಹೆಸರುಗಳನ್ನಿಟ್ಟಾಗ, 1984ರಲ್ಲಿ ಒಂದು ಹಡಗು ರಾಣೆಯವರ ಹೆಸರಿನಲ್ಲಿ ನೀರಿಗೆ ಬಂತು. ಅವರಿಗೆ ಆಗ 66 ವರ್ಷ. ತಮ್ಮ ಹೆಸರಿನ ಹಡಗು ತೈಲ ಹೊತ್ತು ತಿರುಗುವ ಕಾಲದಲ್ಲಿ ಅವರು ಬದುಕಿದ್ದರು ಎಂಬುದು ನನಗೆ ಸಂತೋಷ ಕೊಡುವ ವಿವರ. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ 21 ಪರಮವೀರರ ಹೆಸರುಗಳನ್ನು ಇಡಲಾಯಿತು. ಅದರಲ್ಲೊಂದು ರಾಣೆ ದ್ವೀಪ.

ಉಪನ್ಯಾಸದ ನಂತರ ಒಬ್ಬ ಹಿರಿಯರು ಎದ್ದು, “ರಾಣೆಯವರು ಕನ್ನಡಿಗರೋ, ಕೊಂಕಣಿಗರೋ, ಮರಾಠಿಗರೋ? ಇಲ್ಲಿ ಎಲ್ಲರೂ ನಮ್ಮವರು ಅನ್ನುತ್ತಾರಲ್ಲ?” ಎಂದು ಕೇಳಿದರು. ನಾನು ಕೊಟ್ಟ ಉತ್ತರ ಇಷ್ಟು: ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಕೊಂಕಣಿ ಮನೆಯ ಕಾರವಾರದ ಹುಡುಗ ಬಾಂಬೆ ಎಂಜಿನಿಯರ್ಸ್‌ಗೆ ಸೇರಿದ್ದೂ, ಪುಣೆ ಅವನ ದಳದ ಊರಾದದ್ದೂ ಆ ಕಾಲದ ಆಡಳಿತದ ನಕ್ಷೆಯಲ್ಲಿ ತೀರ ಸಹಜ. ಎಲ್ಲರೂ ನಮ್ಮವರು ಅನ್ನಲಿ, ಆಕ್ಷೇಪವಿಲ್ಲ. ಅನ್ನುವವರು ಆ ಪ್ರಶಸ್ತಿ ಪತ್ರವನ್ನು ಒಮ್ಮೆ ಪೂರ್ತಿ ಓದಿರಲಿ ಎಂಬುದಷ್ಟೇ ನನ್ನ ಕೋರಿಕೆ. ಅದರ ಒಳ್ಳೆಯ ಕನ್ನಡ ಅನುವಾದವೊಂದನ್ನು ಮಾಡಿ ನಮ್ಮ ಮಕ್ಕಳ ಕೈಗಿಡುವ ಕೆಲಸವನ್ನು ಪುಣೆಯ ಕನ್ನಡಿಗರೇ ಮಾಡಬಹುದು, ಅದು ಎರಡು ಪುಟಕ್ಕಿಂತ ಹೆಚ್ಚಾಗದು.

ಇನ್ನೊಂದು ಪ್ರಶ್ನೆ ಕೇಳಿದವಳು ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ: “ಸರ್, ಆ ರಸ್ತೆ ಈಗ ಇದೆಯಾ?” ಇದೆ. ಜಮ್ಮುವಿನಿಂದ ಅಖನೂರು, ನೌಶೇರಾ, ರಜೌರಿಯ ಮೂಲಕ ಪೂಂಛ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 144ಎ ಆ ಹಾದಿಯಲ್ಲಿಯೇ ಸಾಗುತ್ತದೆ. 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆಗೆ ಅದರ ಅಗಲೀಕರಣದ ಹೊಣೆ. ಆ ಸಂಸ್ಥೆಯಲ್ಲಿರುವ ಸೇನಾಧಿಕಾರಿಗಳಲ್ಲಿ ಹೆಚ್ಚಿನವರು ರಾಣೆಯವರ ಎಂಜಿನಿಯರ್ ದಳದವರೇ. ನೌಶೇರಾದ ಬಳಿ 700 ಮೀಟರ್ ಉದ್ದದ ಸುರಂಗವೊಂದನ್ನು ಎರಡೂ ಬದಿಯಿಂದ ಕೊರೆಯುತ್ತ ಬಂದು 2024ರ ಜನವರಿಯಲ್ಲಿ ನಡುವೆ ಕೂಡಿಸಿದರು. ಗುಡ್ಡವನ್ನು ಸುತ್ತಿಕೊಂಡು ಹೋಗುವ ಬದಲು ಅದರ ಹೊಟ್ಟೆಯೊಳಗಿಂದ ಹಾದುಹೋಗಲು ಇನ್ನು ಲಾರಿಗಳಿಗೆ ದಾರಿಯಾಗುತ್ತದೆ ಎಂದು ಆ ಹುಡುಗಿಗೆ ಹೇಳಿದೆ. ಸುರಂಗದ ಕೊರೆತದ ವಿಧಾನದ ಬಗ್ಗೆ ಅವಳು ಕೇಳಿದ ಮುಂದಿನ ಪ್ರಶ್ನೆಗಳಿಗೆ ಚಹಾದ ಮೇಜಿನ ಬಳಿ ಉತ್ತರ ಹೇಳುವಷ್ಟರಲ್ಲಿ ಸಭಾಂಗಣದವರು ದೀಪ ಆರಿಸತೊಡಗಿದ್ದರು.